ಗೊತ್ತಿದ್ದವರ ಮೌನ

ಮುಚ್ಚಿಟ್ಟ ಸತ್ಯವನ್ನು ತನಿಖಾ ವರದಿಗಾರ ಪಾತಾಳಗರಡಿ ಹಾಕಿ ಮೇಲೆತ್ತುತ್ತಾನೆ ಎಂದೇ ನಮ್ಮ ಕಲ್ಪನೆ. ಅಮೆರಿಕದ ಪತ್ರಕರ್ತ ಸೇಮೋರ್ ಹರ್ಶ್ ಅವರ ವೃತ್ತಿಬದುಕನ್ನು ಓದಿದಾಗ ನನ್ನನ್ನು ಕಾಡಿದ್ದು ಬೇರೆ ಸಂಗತಿ. ದೊಡ್ಡ ಅನ್ಯಾಯಗಳು ಬಹುಪಾಲು ಹತ್ತಾರು ಜನರಿಗೆ ಗೊತ್ತಿರುತ್ತವೆ. ಗೊತ್ತಿದ್ದವರು ಬಾಯಿ ಬಿಡುವುದಿಲ್ಲ, ಅವರನ್ನು ಕೇಳುವವರೂ ಇರುವುದಿಲ್ಲ.

1968ರ ಮಾರ್ಚ್ 16ರಂದು ವಿಯೆಟ್ನಾಮಿನ ಮೈ ಲಾಯ್ ಹಳ್ಳಿಯಲ್ಲಿ ಅಮೆರಿಕದ ಸೈನಿಕರು ನಿರಾಯುಧರಾದ ಹೆಂಗಸರು, ಮಕ್ಕಳು, ಮುದುಕರನ್ನು ಕೊಂದರು. ವಿಯೆಟ್ನಾಂ ಕೊಡುವ ಲೆಕ್ಕ 504. ಗುಂಡು ಹಾರಿಸಿದವರಿಗೆ ಅದು ಗೊತ್ತಿತ್ತು. ಸೇನೆಯ ಛಾಯಾಗ್ರಾಹಕನ ಬಳಿ ಚಿತ್ರಗಳಿದ್ದವು. ಹೆಲಿಕಾಪ್ಟರ್ ಇಳಿಸಿ ಕೆಲವರ ಜೀವ ಉಳಿಸಿದ ಹ್ಯೂ ಥಾಂಪ್ಸನ್ ಅಂದೇ ಮೇಲಧಿಕಾರಿಗಳಿಗೆ ದೂರಿದ್ದರು. ಗೆಳೆಯರ ಬಾಯಿಂದ ವಿಷಯ ತಿಳಿದ ರಾನ್ ರೈಡನ್‌ಅವರ್ ಎಂಬ ಮಾಜಿ ಸೈನಿಕ ಮರುವರ್ಷ ಸಂಸದರಿಗೂ ಅಧಿಕಾರಿಗಳಿಗೂ ಪತ್ರ ಬರೆದರು. ಇಷ್ಟಾದರೂ ಒಂದೂವರೆ ವರ್ಷ ದೇಶಕ್ಕೆ ಸುದ್ದಿಯಿಲ್ಲ.

1969ರ ಅಕ್ಟೋಬರಿನಲ್ಲಿ ಹರ್ಶ್ ಅವರಿಗೆ ಒಂದು ಸುಳಿವು ಸಿಕ್ಕಿತು. ಆಗ ಅವರಿಗೆ 32 ವರ್ಷ, ಬೆನ್ನಿಗೆ ಯಾವ ಪತ್ರಿಕೆಯೂ ಇಲ್ಲ. ಆರೋಪಿ ಲೆಫ್ಟಿನೆಂಟ್ ವಿಲಿಯಂ ಕ್ಯಾಲಿಯ ವಕೀಲರನ್ನು ಹುಡುಕಿಕೊಂಡು ಸಾಲ್ಟ್ ಲೇಕ್ ಸಿಟಿಗೆ ಹೋದರು. ಮೇಜಿನ ಮೇಲೆ ಆರೋಪಪಟ್ಟಿ ಇತ್ತು, ಅದರ ಮುಖ ವಕೀಲರ ಕಡೆಗಿತ್ತು. ಹರ್ಶ್ ಮಾತು ಮುಂದುವರಿಸುತ್ತಲೇ ಆ ತಲೆಕೆಳಗಾದ ಅಕ್ಷರಗಳನ್ನು ಓದಿ ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಂಡರು. 109 ಮಂದಿ ‘ಪೌರಸ್ತ್ಯ ಮಾನವ ಜೀವಿಗಳ’ ಕೊಲೆ ಎಂದಿತ್ತು ಅದರಲ್ಲಿ. ಸತ್ತವರಿಗೆ ಆ ಕಾಗದ ಕೊಟ್ಟಿದ್ದ ಗುರುತು ಅಷ್ಟೇ.

ಅಲ್ಲಿಂದ ಜಾರ್ಜಿಯಾದ ಫೋರ್ಟ್ ಬೆನ್ನಿಂಗ್ ಸೇನಾನೆಲೆಗೆ. ಹಗಲೆಲ್ಲ ಅಲೆದು, ಕಂಡಕಂಡವರನ್ನು ವಿಚಾರಿಸಿ, ರಾತ್ರಿ ಕ್ಯಾಲಿಯನ್ನು ಪತ್ತೆಮಾಡಿ ಮಾತಾಡಿಸಿದರು. ‘ಲೈಫ್’, ‘ಲುಕ್’ ಪತ್ರಿಕೆಗಳು ವರದಿಯನ್ನು ಒಲ್ಲೆನೆಂದವು. ಕಡೆಗೆ ಡಿಸ್ಪ್ಯಾಚ್ ಎಂಬ ಪುಟ್ಟ ಸುದ್ದಿಸಂಸ್ಥೆಯ ಮೂಲಕ ನವೆಂಬರಿನಲ್ಲಿ ಮೂವತ್ತಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಅದು ಅಚ್ಚಾಯಿತು. 1970ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

ಈ ಹಟಕ್ಕೆ ಒಂದು ಹಿನ್ನೆಲೆಯಿದೆ. ಷಿಕಾಗೋದಲ್ಲಿ ಎಳೆಯ ವರದಿಗಾರನಾಗಿದ್ದಾಗ, ಆರೋಪಿಯೊಬ್ಬನಿಗೆ ಓಡು ಎಂದು ಹೇಳಿ ಹಿಂದಿನಿಂದ ಗುಂಡಿಕ್ಕಿದ್ದನ್ನು ಪೊಲೀಸನೊಬ್ಬ ಆಡಿಕೊಂಡದ್ದು ಹರ್ಶ್ ಕಿವಿಗೆ ಬಿದ್ದಿತ್ತು. ಸಂಪಾದಕರು ಬೇಡವೆಂದರು, ಅವರು ಬರೆಯಲಿಲ್ಲ. 2018ರ ಆತ್ಮಕಥೆಯಲ್ಲಿ ಹರ್ಶ್ ಅದನ್ನು ತಮ್ಮ ದೌರ್ಬಲ್ಯವೆಂದೇ ಒಪ್ಪಿಕೊಂಡಿದ್ದಾರೆ. ಗೊತ್ತಿದ್ದೂ ಸುಮ್ಮನಿದ್ದವರ ಸಾಲಿನಲ್ಲಿ ಒಮ್ಮೆ ತಾನೂ ನಿಂತಿದ್ದ ಮನುಷ್ಯನಿಗೆ ಮೌನದ ಭಾರ ಗೊತ್ತಿರುತ್ತದೆ. ಪಶ್ಚಾತ್ತಾಪ ಕೊರಗಾಗಿಯೇ ಉಳಿದರೆ ಯಾರಿಗೂ ಪ್ರಯೋಜನವಿಲ್ಲ. ಅವರಲ್ಲಿ ಅದು ಕೆಲಸವಾಯಿತು.

ಇಂಡಿಯಾನಾದ ಹಳ್ಳಿಯೊಂದರ ತೋಟದ ಮನೆಗೂ ಅವರು ಹೋದರು. ಹತ್ಯಾಕಾಂಡದಲ್ಲಿ ಗುಂಡು ಹಾರಿಸಿದ್ದ ಪಾಲ್ ಮೆಡ್ಲೋ ಮರುದಿನ ನೆಲಬಾಂಬಿಗೆ ಪಾದ ಕಳೆದುಕೊಂಡು ಮನೆ ಸೇರಿದ್ದ. ಅವನ ತಾಯಿ ಹರ್ಶ್ ಅವರಿಗೆ ಹೇಳಿದ್ದು ಇಷ್ಟು: ತಾನು ಸೈನ್ಯಕ್ಕೆ ಕಳಿಸಿದ್ದು ಒಳ್ಳೆಯ ಹುಡುಗನನ್ನು, ಅವರು ಅವನನ್ನು ಕೊಲೆಗಾರನನ್ನಾಗಿ ಮಾಡಿದರು. ಕೊಂದವನ ಮನೆಯಲ್ಲೂ ಒಡೆದ ಕರುಳೊಂದಿದೆ ಎಂದು ತಿಳಿಯಲು ಅಂಗಳದವರೆಗೆ ಹೋಗಬೇಕು, ಕೂತು ಕೇಳಬೇಕು. ಸಿಟ್ಟಿನಿಂದ ತೀರ್ಪು ಕೊಡುವವರಿಗೆ ಈ ತಾಳ್ಮೆ ಇರುವುದಿಲ್ಲ.

ಓದಿದ ದೇಶ ಏನು ಮಾಡಿತು? 1971ರಲ್ಲಿ ಕ್ಯಾಲಿಗೆ ಜೀವಾವಧಿ ಶಿಕ್ಷೆಯಾದಾಗ ಅವನ ಪರವಾಗಿಯೇ ಶ್ವೇತಭವನಕ್ಕೆ ತಂತಿ, ಪತ್ರಗಳ ರಾಶಿ ಬಂತು. ಶಿಕ್ಷೆಯಾದದ್ದು ಅವನೊಬ್ಬನಿಗೆ, ಅದೂ ಬಹುಪಾಲು ಗೃಹಬಂಧನದಲ್ಲಿ ಕೆಲವೇ ವರ್ಷಗಳಲ್ಲಿ ಮುಗಿಯಿತು. ಥಾಂಪ್ಸನ್‌ಗೆ ಪದಕ ಸಿಗಲು 30 ವರ್ಷ ಬೇಕಾಯಿತು. ವರದಿಗಾರ ಕದ ತೆರೆದು ತೋರಿಸಬಲ್ಲ, ಒಳಗೆ ಕಾಲಿಡುವ ಹೊಣೆ ಓದುಗನದು.

ಹರ್ಶ್ ಆಮೇಲೂ ಸುಮ್ಮನಿರಲಿಲ್ಲ. 1974ರಲ್ಲಿ ಸಿಐಎ ಸ್ವದೇಶದ ನಾಗರಿಕರ ಮೇಲೆಯೇ ನಡೆಸಿದ್ದ ಬೇಹುಗಾರಿಕೆ, 2004ರಲ್ಲಿ ಇರಾಕಿನ ಅಬು ಘ್ರೈಬ್ ಸೆರೆಮನೆಯ ಚಿತ್ರಹಿಂಸೆ ಅವರ ವರದಿಗಳಿಂದ ಜನರ ಮುಂದೆ ಬಂದವು. ಈಚಿನ ಕೆಲವು ವರದಿಗಳು ಹೆಸರಿಲ್ಲದ ಮೂಲಗಳನ್ನು ಅತಿಯಾಗಿ ನಂಬಿವೆ ಎಂಬ ಟೀಕೆಯೂ ಇದೆ. ಅಂಥ ಟೀಕೆ ಇರಲೇಬೇಕು. ಹಳೆಯ ಪ್ರಶಸ್ತಿ ಹೊಸ ವರದಿಗೆ ಸಾಕ್ಷಿ ಹೇಳಲಾರದು. ಪ್ರತಿ ವರದಿಯೂ ತನ್ನ ಪುರಾವೆಯ ಬಲದ ಮೇಲೆಯೇ ನಿಲ್ಲಬೇಕು.

ನಾವೆಲ್ಲ ವರದಿಗಾರರಲ್ಲ. ಆದರೆ ಕಚೇರಿಯಲ್ಲಿ, ಬೀದಿಯಲ್ಲಿ, ಸ್ವಂತ ಮನೆಯಲ್ಲಿ ಯಾವುದಾದರೂ ಅನ್ಯಾಯ ಗೊತ್ತಿದ್ದೂ ಮಾತಾಡದವರಲ್ಲಿ ನಾವೂ ಇದ್ದೇವೆ. ಯಾರಾದರೂ ಬಂದು ಕೇಳಲಿ ಎಂದು ಕಾಯುವುದು ಸುಲಭ. ರೈಡನ್‌ಅವರ್ ಹಾಗೆ ಕಾಯಲಿಲ್ಲ, ಕೂತು ಪತ್ರ ಬರೆದರು. ಆ ಪತ್ರಗಳಿಂದಲೇ ಸೇನೆ ತನಿಖೆಗೆ ಇಳಿಯಬೇಕಾಯಿತು. ಸಮಾಜಕ್ಕೆ ಒಬ್ಬ ಹರ್ಶ್ ಬೇಕು, ನಿಜ. ಅದಕ್ಕಿಂತ ಮೊದಲು ಗೊತ್ತಿದ್ದದ್ದನ್ನು ತಾನಾಗಿಯೇ ಹೇಳುವ ಸಾಮಾನ್ಯರು ಬೇಕು.