ಇಂದಿನ ಧಮ್ಮ ಚಿಂತನೆ: ಬೀಜದ್ದೇನು ತಪ್ಪು?



ಹೋದ ವರ್ಷ ಬುದ್ಧ ಪೂರ್ಣಿಮೆಯ ಕಾರ್ಯಕ್ರಮ ಮುಗಿದಾಗ ಚಹಾದ ಪೇಪರ್ ಕಪ್‌ಗಳು ಒಂದಿಷ್ಟು ಉಳಿದಿದ್ದವು. ನಿವೃತ್ತನಾದ ಮೇಲೆ ಮಾಳಿಗೆಯಲ್ಲಿ ನಾಲ್ಕು ತರಕಾರಿ ಬೆಳೆಯುವ ಹುಚ್ಚು ನನಗೆ. ಆ ಕಪ್‌ಗಳನ್ನು ಮನೆಗೆ ತಂದು, ತಳಕ್ಕೆ ತೂತು ಹಾಕಿ, ಮಣ್ಣು ಗೊಬ್ಬರ ತುಂಬಿ ಟೊಮ್ಯಾಟೊ ಬೀಜ ಹಾಕಿದೆ. ಹನ್ನೆರಡು ಕಪ್ ತುಂಬಿದವು, ಇನ್ನೂ ಬೀಜ ಉಳಿದವು. ಒಂದು ಲೀಟರಿನ ಖಾಲಿ ನೀರಿನ ಬಾಟಲಿ ಆರು ಸಿಕ್ಕವು. ಅವುಗಳ ಕುತ್ತಿಗೆ ಕತ್ತರಿಸಿ, ಕಾದ ಮೊಳೆಯಿಂದ ತಳಕ್ಕೆ ತೂತು ಮಾಡಿ, ಉಳಿದ ಬೀಜವನ್ನು ಅವುಗಳಲ್ಲಿ ಹಾಕಿದೆ.

ಒಂದೇ ಪೊಟ್ಟಣದ ಬೀಜ. ಒಂದೇ ಮಣ್ಣು, ಒಂದೇ ನೀರು, ಒಂದೇ ಬಿಸಿಲು. ವ್ಯತ್ಯಾಸ ಆಳದ್ದೊಂದೇ. ಕಪ್ಪಿನಲ್ಲಿ ಎರಡು ಅಂಗುಲ ಮಣ್ಣು, ಬಾಟಲಿಯಲ್ಲಿ ಆರೇಳು ಅಂಗುಲ.

ಮೂರು ವಾರದವರೆಗೆ ಯಾವ ಫರಕೂ ಕಾಣಲಿಲ್ಲ. ನಿಜ ಹೇಳಬೇಕೆಂದರೆ ಕಪ್ಪಿನ ಸಸಿಗಳೇ ಒಂದು ಕೈ ಮೇಲಿದ್ದವು. ಐದನೇ ವಾರ ಎಲ್ಲವನ್ನೂ ಬಣ್ಣದ ಡಬ್ಬಿಗಳಿಗೆ ಬದಲಿಸಿ ನೆಟ್ಟೆ. ಬಾಟಲಿಯ ಸಸಿಗಳು ಎರಡು ದಿನ ಸುಮ್ಮನಿದ್ದು ಆಮೇಲೆ ಎದ್ದವು. ಕಪ್ಪಿನವು ಮಧ್ಯಾಹ್ನವಾದರೆ ಸಾಕು, ತಲೆ ಹಾಕುತ್ತಿದ್ದವು. ದಿನಕ್ಕೆ ಎರಡು ಸಲ ನೀರು ಕೊಟ್ಟರೂ ಅಷ್ಟೇ. "ಬೀಜವೇ ಸರಿಯಿಲ್ಲ" ಎಂದು ಅಂಗಡಿಯವನನ್ನು ಬೈದುಕೊಂಡೆ. ಅದೇ ಬೀಜ ಪಕ್ಕದ ಡಬ್ಬಿಯಲ್ಲಿ ಹೂ ಬಿಡಲು ತಯಾರಾಗಿದ್ದು ಕಣ್ಣಿಗೆ ಕಂಡರೂ ತಲೆಗೆ ಹೊಳೆಯಲಿಲ್ಲ.

ಊರಿನಿಂದ ಬಂದಿದ್ದ ನಮ್ಮ ಅಕ್ಕ ಒಂದು ಸಸಿಯನ್ನು ಮೆಲ್ಲಗೆ ಎಬ್ಬಿಸಿ ತೋರಿಸಿದಳು. ಬೇರು ಕಪ್ಪಿನ ಆಕಾರದಲ್ಲೇ ಸುತ್ತಿಕೊಂಡಿತ್ತು, ತಲೆಯ ಮೇಲೆ ಕೊಡ ಇಡುವ ಸಿಂಬಿಯ ಹಾಗೆ. ಹೊಸ ಡಬ್ಬಿಯಲ್ಲಿ ಸುತ್ತಲೂ ಮಣ್ಣಿದ್ದರೂ ಅದು ಹಳೆಯ ಸುತ್ತನ್ನೇ ಸುತ್ತುತ್ತಿತ್ತು.

"ಬೀಜದ್ದೇನ್ ತಪ್ಪದ ತಮ್ಮಾ? ಅದಕ್ಕ ಕಾಲು ಚಾಚಲಾಕ ನೀ ಜಾಗಾನೇ ಕೊಟ್ಟಿಲ್ಲಲ್ಲ" ಅಂದಳು.

ಹನ್ನೆರಡರಲ್ಲಿ ಒಂದು ಸಸಿ ಮಾತ್ರ ಹೇಗೋ ಚೇತರಿಸಿಕೊಂಡು ಕಾಯಿ ಬಿಟ್ಟಿತು. ಮನೆಗೆ ಬಂದವರಿಗೆಲ್ಲ ಅದನ್ನೇ ತೋರಿಸುತ್ತಿದ್ದೆ. "ನೋಡಿ, ಇದೂ ಕಪ್ಪಿನಲ್ಲೇ ಬೆಳೆದದ್ದು. ಛಲ ಇದ್ದರೆ ಎಲ್ಲಿ ಬೇಕಾದರೂ ಬೆಳೆಯಬಹುದು." ಹಾಗೆ ಹೇಳುತ್ತಿದ್ದಾಗಲೇ ಒಂದು ದಿನ ನನ್ನ ಮಾತು ನನಗೇ ಚುಚ್ಚಿತು. ಇದೇ ಮಾತನ್ನು ನಾನು ಹಿಂದೆ ಒಬ್ಬ ಹುಡುಗನಿಗೆ ಹೇಳಿದ್ದೆ.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದಾಗ ಒಂಬತ್ತನೇ ತರಗತಿಯಲ್ಲಿ ನಮ್ಮವನೇ ಒಬ್ಬ ಹುಡುಗನಿದ್ದ. ನಸುಕಿನಲ್ಲಿ ತಂದೆಯ ಜೊತೆ ಮಾರ್ಕೆಟ್ಟಿಗೆ ಹಮಾಲಿ ಕೆಲಸಕ್ಕೆ ಹೋಗಿ, ತಡವಾಗಿ ಶಾಲೆಗೆ ಬಂದು ನಿದ್ದೆ ಮಾಡುತ್ತಿದ್ದ. ಒಂದು ದಿನ ಎಲ್ಲರ ಎದುರಿಗೆ ಎಬ್ಬಿಸಿ ನಿಲ್ಲಿಸಿದೆ. "ಬಾಬಾಸಾಹೇಬರು ಗೋಣಿತಟ್ಟಿನ ಮೇಲೆ ಕೂತು ಓದಿದರು. ನಿನಗೆ ಬೆಂಚಿದೆ. ಆದರೂ ನಿನಗೆ ಹತ್ತುವುದಿಲ್ಲ" ಅಂದೆ. ಕೆಲವು ತಿಂಗಳಲ್ಲಿ ಅವನು ಶಾಲೆ ಬಿಟ್ಟ. ನನ್ನ ಮಾತಿನಿಂದಲೇ ಬಿಟ್ಟನೆಂದು ಹೇಳಲಾರೆ. ಆದರೆ ಅವನ ಬೇರಿಗೆ ಎಷ್ಟು ಮಣ್ಣಿತ್ತು ಎಂದು ನಾನು ಒಮ್ಮೆಯೂ ನೋಡಲಿಲ್ಲ.

ಬಂಧುಗಳೇ, ಬಾಬಾಸಾಹೇಬರ ಹೆಸರನ್ನು ನಾವು ಹೀಗೆ ಬಳಸಬಹುದೇ? ಅವರು ಶಾಲೆಯಲ್ಲಿ ಬೇರೆ ಕೂತದ್ದು, ನೀರಿನ ಪಾತ್ರೆ ಮುಟ್ಟಲಾಗದೆ ಬಾಯಾರಿದ್ದು ಎಲ್ಲವೂ ನಿಜ. ಆದರೆ ತಂದೆ ರಾಮಜಿ ಸಕ್ಪಾಲರು ಸೈನ್ಯದ ಶಾಲೆಯಲ್ಲಿ ಶಿಕ್ಷಕರಾಗಿದ್ದವರು, ಮಗನ ಓದಿಗಾಗಿ ಜೀವ ತೇಯ್ದವರು ಎಂಬುದೂ ನಿಜ. ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ ಅವರು 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು ಎಂಬುದೂ ನಿಜ. ಬೇರು ಅವರದೇ, ಶ್ರಮ ಅವರದೇ. ಆದರೆ ಸರಿಯಾದ ಹೊತ್ತಿಗೆ ಆಳವೂ ಸಿಕ್ಕಿತು.

ಎಲ್ಲಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. "ನಾನು ಬಂದೆ, ನೀವೂ ಹೀಗೇ ಕಷ್ಟಪಟ್ಟು ಬನ್ನಿ" ಎಂದು ಬಾಬಾಸಾಹೇಬರು ಸುಮ್ಮನೆ ಕೂರಲಿಲ್ಲ. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಮರುವರ್ಷವೇ ಅದರ ವತಿಯಿಂದ ನಮ್ಮ ಪಕ್ಕದ ಸೊಲ್ಲಾಪುರದಲ್ಲಿ ಹಾಸ್ಟೆಲ್ ಆಯಿತು. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ, 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ಬಂದವು. ಉಳಿದುಬಂದ ಒಂದು ಸಸಿಯನ್ನು ತೋರಿಸಿ ಸಣ್ಣ ಕಪ್ಪನ್ನು ಹೊಗಳುವುದು ನಮ್ಮನ್ನು ಶತಮಾನಗಳ ಕಾಲ ತುಳಿದವರ ತರ್ಕ. ಉಳಿದುಬಂದವನು ಮುಂದಿನವರಿಗಾಗಿ ಆಳದ ಪಾತ್ರೆ ಹುಡುಕುವುದು ಬಾಬಾಸಾಹೇಬರ ದಾರಿ.

ಬುದ್ಧರು ಹೇಳಿದ ಪ್ರತೀತ್ಯ ಸಮುತ್ಪಾದದ ತಿರುಳು ಇದೇ. ಯಾವುದೂ ತಾನೊಂದೇ ಹುಟ್ಟುವುದಿಲ್ಲ, ಕಾರಣಗಳು ಕೂಡಿದಾಗ ಹುಟ್ಟುತ್ತದೆ. "ಎಲ್ಲ ಬೀಜದಲ್ಲೇ ಇದೆ" ಎನ್ನುವವರು ಹುಟ್ಟಿನಿಂದ ಮನುಷ್ಯನನ್ನು ಅಳೆಯುವವರು. ಆ ಅಳತೆಗೋಲನ್ನು ಬಿಸಾಡಿ ಧಮ್ಮಕ್ಕೆ ಬಂದ ನಾವು ನಮ್ಮ ಮಕ್ಕಳ ವಿಷಯ ಬಂದಾಗ ಮತ್ತೆ ಅದನ್ನೇ ಎತ್ತಿಕೊಳ್ಳುತ್ತೇವೆ. "ಅವನ ತಲೆಯೇ ಅಷ್ಟು" ಎನ್ನುತ್ತೇವೆ.

ಹಾಗಾದರೆ ಸ್ವಂತ ಪ್ರಯತ್ನಕ್ಕೆ ಬೆಲೆಯಿಲ್ಲವೇ ಎಂದು ಕೆಲವರು ಕೇಳಬಹುದು. ಇದೆ. ಸಮ್ಯಕ್ ವ್ಯಾಯಾಮ ಅಷ್ಟಾಂಗ ಮಾರ್ಗದ ಒಂದು ಅಂಗ. ಬೇರನ್ನು ಯಾರೂ ಎಳೆದು ಉದ್ದ ಮಾಡಲಾರರು, ಅದು ತಾನೇ ಇಳಿಯಬೇಕು. ಆದರೆ ನಾನು ಈಗ ಒಂದು ನಿಯಮ ಇಟ್ಟುಕೊಂಡಿದ್ದೇನೆ. ನಾನು ಸೋತಾಗ ಮೊದಲು ನನ್ನ ಪ್ರಯತ್ನವನ್ನು ನೋಡಿಕೊಳ್ಳುತ್ತೇನೆ. ಇನ್ನೊಬ್ಬರು ಸೋತಾಗ ಮೊದಲು ಅವರ ಪಾತ್ರೆಯ ಆಳ ನೋಡುತ್ತೇನೆ. ಇಷ್ಟು ದಿನ ಇದನ್ನು ತಿರುವುಮುರುವಾಗಿ ಮಾಡುತ್ತಿದ್ದೆ.

ಅಕ್ಕ ಆ ದಿನ ಇನ್ನೊಂದು ಕೆಲಸ ಮಾಡಿದಳು. ಬಾಡುತ್ತಿದ್ದ ಸಸಿಗಳ ಸುತ್ತಿದ ಬೇರನ್ನು ಬೆರಳಿನಿಂದ ಸಡಿಲಿಸಿ, ಕೆಳಗಿನ ಎಲೆ ಕಿತ್ತು, ಕಾಂಡದ ಅರ್ಧದವರೆಗೆ ಹೂತು ನೆಟ್ಟಳು. ಟೊಮ್ಯಾಟೊ ಕಾಂಡ ಮಣ್ಣಿನೊಳಗೆ ಹೋದರೆ ಅಲ್ಲಿಂದಲೂ ಬೇರು ಒಡೆಯುತ್ತದೆ. ಮೂರು ಸಸಿ ಬದುಕಿದವು. ಉಳಿದವು ಹೋದವು. ತಡವಾದರೂ ಕೆಲವನ್ನು ಉಳಿಸಬಹುದು, ಎಲ್ಲವನ್ನೂ ಅಲ್ಲ. ಆದ್ದರಿಂದ ಮೊದಲೇ ಆಳ ಕೊಡುವುದು ಮೇಲು.

ಈ ಮುಂಗಾರಿಗೆ ಸಸಿ ಮಾಡುವವರಿಗೆ ಒಂದು ಮಾತು. ಪಾತ್ರೆ ಆಳವಿರಲಿ, ಆದರೆ ಬೀಜ ಆಳಕ್ಕೆ ಹೋಗಬಾರದು. ಟೊಮ್ಯಾಟೊ, ಬದನೆ, ಮೆಣಸಿನ ಬೀಜದ ಮೇಲೆ ತೆಳ್ಳಗೆ ಮಣ್ಣು ಮುಚ್ಚಿದರೆ ಸಾಕು. ತಳದಲ್ಲಿ ತೂತು ಇರಲೇಬೇಕು, ನೀರು ನಿಂತರೆ ಬುಡ ಕೊಳೆಯುತ್ತದೆ. ಸಸಿ ಬೇರೂರಿದ ಮೇಲೆ ದಿನವೂ ಮೇಲೆ ಮೇಲೆ ಚಿಮುಕಿಸುವುದಕ್ಕಿಂತ, ಮೇಲ್ಮಣ್ಣು ಒಣಗಿದಾಗ ತಳದವರೆಗೆ ಇಳಿಯುವಂತೆ ಕೊಡಿ. ನೀರು ಇಳಿದಲ್ಲಿಗೆ ಬೇರೂ ಇಳಿಯುತ್ತದೆ.

ಇನ್ನು ನಮ್ಮ ಬಳಗದ ಮಾತು. ಪ್ರತಿ ವರ್ಷ ಹೆಚ್ಚು ಅಂಕ ತೆಗೆದ ಮಕ್ಕಳಿಗೆ ಶಾಲು ಹೊದಿಸಿ ಪ್ರತಿಭಾ ಪುರಸ್ಕಾರ ಮಾಡುತ್ತೇವೆ. ಒಳ್ಳೆಯದೇ, ಅದು ನಿಲ್ಲುವುದು ಬೇಡ. ಆದರೆ ಆ ಹಣದಲ್ಲಿ ಅರ್ಧವನ್ನು ತೆಗೆದು, ವಿಹಾರದ ಹಿಂದಿನ ಕೋಣೆಗೆ ನಾಲ್ಕು ಟೇಬಲ್ಲು, ದೀಪ, ಫ್ಯಾನು ಹಾಕಿ ಸಂಜೆ ಓದಲು ಬಿಡೋಣವೇ? ಆರು, ಏಳನೇ ತರಗತಿಯ ಮಕ್ಕಳಿಗೆ, ಅಂಕ ಎಷ್ಟೇ ಇರಲಿ. ಭಾನುವಾರದ ಸಭೆಯಲ್ಲಿ ಇದನ್ನು ಇಡುವವನಿದ್ದೇನೆ.

ಆ ಹುಡುಗ ಈಗ ಆಟೋ ಓಡಿಸುತ್ತಾನೆ. ಕಂಡಾಗಲೆಲ್ಲ "ಜೈ ಭೀಮ್ ಸರ್" ಎಂದು ನಿಲ್ಲಿಸುತ್ತಾನೆ. ಕ್ಷಮೆ ಕೇಳಬೇಕೆಂದು ಮೊನ್ನೆ ಬಾಯಿ ತೆರೆದೆ, ಆಗಲಿಲ್ಲ. ಅವನೇ ಮಾತಾಡಿದ: "ಮಗಳು ಆರನೇ ಕ್ಲಾಸ್ ಅದಾಳ ಸರ್. ಮನ್ಯಾಗ ಒಂದೇ ಖೋಲಿ, ಟಿವಿ ಗದ್ದಲ. ಸಂಜಿಗೆ ಕೂತು ಓದಲಾಕ ಎಲ್ಲ್ಯಾರ ಜಾಗಾ ಅದ ಏನ್ರೀ?"

ಇಂದಿನ ಅಭ್ಯಾಸ: "ಇವರಿಂದ ಆಗುವುದಿಲ್ಲ" ಎಂದು ನೀವು ಕೈಬಿಟ್ಟ ಒಬ್ಬರನ್ನು ನೆನೆಯಿರಿ. ಅವರ ಬೇರಿಗೆ ಎಷ್ಟು ಆಳ ಸಿಕ್ಕಿತ್ತು ಎಂದು ಕೇಳಿಕೊಳ್ಳಿ. ಒಂದು ಅಂಗುಲ ಮಣ್ಣು ನಿಮ್ಮ ಕೈಯಿಂದ ಆಗುವುದಾದರೆ ಇಂದೇ ಕೊಡಿ.

ಸರ್ವರಿಗೂ ಮಂಗಳವಾಗಲಿ. ಜೈ ಭೀಮ್, ನಮೋ ಬುದ್ಧಾಯ.