ಮೂರನೆಯ ದಿನದ ಇಲಿಮರಿ

ಹುಟ್ಟಿ ಮೂರು ದಿನವಾದ ಹೆಣ್ಣು ಇಲಿಮರಿಯ ಎದೆಯಿಂದ ಥೈಮಸ್ ಎಂಬ ಪುಟ್ಟ ಗ್ರಂಥಿಯನ್ನು ತೆಗೆದುಬಿಟ್ಟರೆ, ಮರಿ ದೊಡ್ಡದಾಗುವ ಹೊತ್ತಿಗೆ ಅದರ ಅಂಡಾಶಯ ಬರಡಾಗಿರುತ್ತದೆ. ಅದೇ ಗ್ರಂಥಿಯನ್ನು ಏಳನೆಯ ದಿನ ತೆಗೆದರೆ ಅಂಡಾಶಯಕ್ಕೆ ಏನೂ ಆಗುವುದಿಲ್ಲ. ಜಪಾನಿನ ನಿಶಿಜುಕಾ ಮತ್ತು ಸಕಾಕುರಾ 1969ರಲ್ಲಿ ಇದನ್ನು ಪ್ರಕಟಿಸಿದರು. ಎದೆಯೊಳಗಿನ ಗ್ರಂಥಿ ಎಲ್ಲಿ, ಕಿಬ್ಬೊಟ್ಟೆಯ ಅಂಡಾಶಯ ಎಲ್ಲಿ! ನಾಲ್ಕು ದಿನದ ಅಂತರದಲ್ಲಿ ಅಂಥದ್ದೇನು ನಡೆಯುತ್ತದೆ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ನಮ್ಮ ಥೈಮಸ್ ಇರುವುದು ಎದೆಮೂಳೆಯ ಹಿಂದೆ. ರೋಗದೊಡನೆ ಹೋರಾಡುವ ಟಿ ಕೋಶಗಳು ಪಳಗುವುದು ಅಲ್ಲಿಯೇ. ಅಲ್ಲಿನ ಕೆಲವು ಕೋಶಗಳು ಮೇದೋಜೀರಕದ ಇನ್ಸುಲಿನ್, ಅಡ್ರಿನಲ್ ಗ್ರಂಥಿಯ ಕಿಣ್ವ ಹೀಗೆ ದೇಹದಲ್ಲಿ ಎಲ್ಲೆಲ್ಲೋ ತಯಾರಾಗುವ ವಸ್ತುಗಳನ್ನು ತಾವೂ ಚೂರುಚೂರು ತಯಾರಿಸುತ್ತವೆ. ಊರೂರಿನ ಸರಕು ಒಂದೇ ಸಂತೆಗೆ ಬಂದು ಕೂತ ಹಾಗೆ. ಆ ಸರಕನ್ನು ಕಂಡು ಕೆರಳುವ ಟಿ ಕೋಶಗಳಲ್ಲಿ ಹೆಚ್ಚಿನವು ಅಲ್ಲೇ ಸಾಯುತ್ತವೆ. ಈ ಏರ್ಪಾಡನ್ನು ನಡೆಸುವ ಏರ್ ಎಂಬ ಜೀನ್ 1997ರಲ್ಲಿ ಪತ್ತೆಯಾಯಿತು. ಅದು ಕೆಟ್ಟು ಹುಟ್ಟಿದ ಹೆಣ್ಣುಮಕ್ಕಳಲ್ಲಿ ಅನೇಕರಿಗೆ ಅಂಡಾಶಯ ಬೇಗನೆ ಸೋಲುತ್ತದೆ.

ಹುಟ್ಟುವಾಗ ಹೆಣ್ಣುಮಗುವಿನ ಅಂಡಾಶಯಗಳಲ್ಲಿ ಹತ್ತಿಪ್ಪತ್ತು ಲಕ್ಷ ಅಂಡಾಣುಗಳಿರುತ್ತವೆ, ಒಂದೊಂದೂ ತನ್ನದೇ ಚೀಲದಲ್ಲಿ ಮಲಗಿರುತ್ತದೆ. ಥೈಮಸ್‌ನಲ್ಲಿ ಸಾಯದೆ ಉಳಿದ ಟಿ ಕೋಶಗಳಿಂದ ದೇಹ ತನ್ನ ಮೇಲೆ ತಾನೇ ಎರಗಿದಾಗ ಪೆಟ್ಟು ಬೀಳುವುದು ಎದ್ದು ಬೆಳೆಯತೊಡಗಿದ ಚೀಲಗಳಿಗೆ. ಅವುಗಳ ಹೊರಪದರದಲ್ಲಿ ಹಾರ್ಮೋನು ತಯಾರಿಸುವ ಕೋಶಗಳಿವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಿಳಿರಕ್ತಕಣಗಳು ಅದೇ ಪದರಕ್ಕೆ ಮುತ್ತಿಕೊಂಡಿರುತ್ತವೆ. ಮಲಗಿರುವ ಚೀಲಗಳ ಗೊಡವೆಗೆ ಅವು ಬಹುಕಾಲ ಹೋಗುವುದಿಲ್ಲ. ಬೆಳೆಯಲು ಹೊರಟದ್ದಕ್ಕೇ ಪೆಟ್ಟು! ಇದನ್ನು ಓದಿದಾಗಲೆಲ್ಲ ಸಂಕಟವಾಗುತ್ತದೆ, ಬೆರಗೂ ಆಗುತ್ತದೆ.

ನಲವತ್ತರೊಳಗೆ ಮುಟ್ಟು ನಿಂತವರಲ್ಲಿ ನೂರಕ್ಕೆ ನಾಲ್ಕೈದು ಮಂದಿಯಲ್ಲಿ ಈ ದಾಳಿಯೇ ಕಾರಣ. ಅಡ್ರಿನಲ್ ಗ್ರಂಥಿಯೂ ಅಂಥವೇ ಹಾರ್ಮೋನುಗಳನ್ನು ತಯಾರಿಸುವುದರಿಂದ ದಾಳಿ ಅಲ್ಲಿಗೂ ಹಬ್ಬಬಹುದು. ಸುಸ್ತು, ಮೈ ಕಪ್ಪಾಗುವುದು, ಉಪ್ಪು ಬೇಕೆನಿಸುವುದು ಅದರ ಸುಳಿವು. ಗಮನಿಸದಿದ್ದರೆ ಜೀವಕ್ಕೇ ಕುತ್ತು. ಆ ಗ್ರಂಥಿಯ ವಿರುದ್ಧ ಪ್ರತಿಕಾಯಗಳು ಇವೆಯೇ ಎಂಬುದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಆದರೆ ಮುಟ್ಟು ನಿಂತು ಮಕ್ಕಳಾಗದಿದ್ದರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮೊದಲು ಬರುವುದು ನಾಗದೋಷದ ಮಾತು, ಆಮೇಲೆ ಹರಕೆ, ಅದರ ಜೊತೆಗೇ ಸೊಸೆಯ ಮೇಲೆ ಹೊರಿಸುವ ತಪ್ಪು. ಆಕೆಯ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ.

ನಗೋಯಾದಲ್ಲಿ ನಿಶಿಜುಕಾ ಅವರ ಬಳಿ ಕೆಲಸಕ್ಕೆ ಸೇರಿದ ಶಿಮೋನ್ ಸಕಾಗುಚಿ ಆ ಇಲಿಗಳ ಬೆನ್ನುಬಿಡಲಿಲ್ಲ. ಅದೇ ತಳಿಯ ಆರೋಗ್ಯವಂತ ಇಲಿಯಿಂದ ಟಿ ಕೋಶಗಳನ್ನು ತೆಗೆದು ಥೈಮಸ್ ಕಳೆದುಕೊಂಡ ಮರಿಗಳಿಗೆ ಕೊಟ್ಟಾಗ ಅಂಡಾಶಯ ಉಳಿಯಿತು. ಅಂದರೆ ಟಿ ಕೋಶಗಳಲ್ಲೇ ದಾಳಿಯನ್ನು ತಡೆಯುವ ಒಂದು ಬಣವಿದೆ. ಥೈಮಸ್‌ನಿಂದ ಆ ಬಣ ಹೊರಡುವುದು ತುಸು ತಡವಾಗಿ. ಮೂರನೆಯ ದಿನಕ್ಕೆ ಎರಗಬಲ್ಲವು ಆಗಲೇ ಹೊರಗೆ, ತಡೆಯಬೇಕಾದವು ಇನ್ನೂ ಒಳಗೆ. ತಡೆಯುವವು ಇವೇ ಎಂದು 1995ರಲ್ಲಿ ಅವರು ಗುರುತು ಹಿಡಿದು ತೋರಿಸಿದರು. ಮೇರಿ ಬ್ರಂಕೋ, ಫ್ರೆಡ್ ರ್‍ಯಾಮ್ಸ್‌ಡೆಲ್ ಅವರೊಂದಿಗೆ 2025ರ ನೊಬೆಲ್ ಅವರಿಗೆ ಸಂದಿತು.

ನಾವು ಸುಮ್ಮನೆ ಕುಳಿತಿರುವಾಗಲೂ ನಮ್ಮೊಳಗೆ ಈ ತಡೆಯುವ ಕೆಲಸ ನಡೆದೇ ಇದೆ. ಈ ಕೋಶಗಳನ್ನೇ ಔಷಧಿಯಾಗಿಸುವ ಪ್ರಯೋಗಗಳು ಬೇರೆ ಕಾಯಿಲೆಗಳಲ್ಲಿ ಶುರುವಾಗಿವೆ. ಅಂಡಾಶಯದ ಸರದಿಯೂ ಬೇಗ ಬರಲಿ, ಅಷ್ಟರವರೆಗೆ ಆ ಹೆಣ್ಣುಮಕ್ಕಳಲ್ಲಿ ಮಲಗಿರುವ ಚೀಲಗಳಲ್ಲಿ ಕೆಲವಾದರೂ ಉಳಿದಿರಲಿ ಎಂಬುದು ನನ್ನ ಆಸೆ.