ಸೈನ್ಯವಿಲ್ಲದವರ ಮಾತಿನ ತೂಕ

ಇನ್ನೊಬ್ಬರ ಮಾತಿಗೆ ನಾವು ತಲೆಬಾಗುವುದು ಹೆದರಿಕೆಯಿಂದ, ಇಲ್ಲವೇ ಅವರ ವಾದ ಒಪ್ಪಿಗೆಯಾಗಿ. ಇವೆರಡಕ್ಕೂ ಸೇರದ ಮೂರನೆಯ ಬಗೆಯೊಂದಿದೆ: ಹೇಳಿದವರ ಮೇಲಿನ ಗೌರವ. ಚಿಂತಕಿ ಹನ್ನಾ ಅರೆಂಟ್ ಇದನ್ನು ಪ್ರತ್ಯೇಕವಾಗಿಯೇ ನೋಡಿದರು. ಬೆದರಿಸಬೇಕಾಗಿ ಬಂದರೆ ಆ ಗೌರವ ಆಗಲೇ ಸೋತಿದೆ ಎಂಬುದು ಅವರ ವಿವರಣೆ. ಇದನ್ನು ನೈತಿಕ ಅಧಿಕಾರ ಎನ್ನೋಣ. ದೇಶ ದೇಶಗಳ ವ್ಯವಹಾರದಲ್ಲಿ ಧರ್ಮಕ್ಕೆ ಒಳ್ಳೆಯ ಪಾತ್ರವೇನಾದರೂ ಇದ್ದರೆ ಅದು ಇಲ್ಲಿಯೇ ಎಂದು ನನ್ನ ನಂಬಿಕೆ.

ದಕ್ಷಿಣ ಅಮೆರಿಕದ ತುತ್ತತುದಿಯ ಬೀಗಲ್ ಜಲಸಂಧಿಯಲ್ಲಿ ಪಿಕ್ಟನ್, ಲೆನಾಕ್ಸ್, ನುಯೇವಾ ಎಂಬ ಮೂರು ಪುಟ್ಟ ದ್ವೀಪಗಳಿವೆ. 1977ರಲ್ಲಿ ಅಂತರರಾಷ್ಟ್ರೀಯ ಪಂಚಾಯ್ತಿಯೊಂದು ಅವು ಚಿಲಿಗೆ ಸೇರಿದವೆಂದು ತೀರ್ಪು ಕೊಟ್ಟಿತು. ಅರ್ಜೆಂಟೀನಾ ಒಪ್ಪಲಿಲ್ಲ. 1978ರ ಡಿಸೆಂಬರ್‌ನಲ್ಲಿ ಅದರ ಸೇನೆ ದಾಳಿಗೆ ಸಜ್ಜಾಗಿ ನಿಂತಿತ್ತು. ಆಗ, ಪಟ್ಟಕ್ಕೇರಿ ಎರಡು ತಿಂಗಳಷ್ಟೇ ಆಗಿದ್ದ ಪೋಪ್ ಎರಡನೆಯ ಜಾನ್ ಪಾಲ್ ಕಾರ್ಡಿನಲ್ ಆಂಟೋನಿಯೊ ಸಮೋರೆಯವರನ್ನು ಸಂಧಾನಕ್ಕೆ ಕಳುಹಿಸಿದರು. 1979ರ ಜನವರಿ 8ರಂದು ಮಾಂಟೆವಿಡಿಯೊದಲ್ಲಿ ಎರಡೂ ದೇಶಗಳು ಬಲಪ್ರಯೋಗ ಮಾಡುವುದಿಲ್ಲವೆಂದು ಸಹಿ ಹಾಕಿದವು.

ನ್ಯಾಯಾಧೀಶರಿಂದ ಆಗದ್ದು ಪೋಪರಿಂದ ಹೇಗಾಯಿತು? ಎರಡೂ ದೇಶಗಳಲ್ಲಿದ್ದದ್ದು ಸೇನಾಡಳಿತ, ಎರಡೂ ಕಡೆಯ ಜನ ಬಹುಪಾಲು ಕ್ಯಾಥೊಲಿಕರು. ಎದುರಾಳಿಗೆ ಸೋತು ಹಿಂದೆ ಸರಿದರೆ ಸೇನಾಧಿಪತಿಯ ಮಾನ ಹೋಗುತ್ತದೆ; ಪೋಪರ ಮಾತಿಗೆ ಸರಿದರೆ ಹೋಗುವುದಿಲ್ಲ. ಇಂಥ ಮರ್ಯಾದೆಯ ದಾರಿಯನ್ನು ತೆರೆಯಲು ಬಂದೂಕಿಗೂ ಕಾನೂನಿಗೂ ಆಗಿರಲಿಲ್ಲ. ಆದರೆ ಈ ತೂಕವನ್ನು ಕೊಡುವವರು ಕೇಳುವವರೇ. ಯುರೋಪಿನ ದೀರ್ಘ ಯುದ್ಧವನ್ನು ಮುಗಿಸಿದ 1648ರ ವೆಸ್ಟ್‌ಫಾಲಿಯಾ ಒಪ್ಪಂದವನ್ನು ಆಗಿನ ಪೋಪ್ ಹತ್ತನೆಯ ಇನೊಸೆಂಟ್ ಖಂಡಿಸಿದಾಗ ಕ್ಯಾಥೊಲಿಕ್ ಅರಸರೂ ಕಿವಿಗೊಡಲಿಲ್ಲ. ಬೀಗಲ್ ವಿಷಯದಲ್ಲೂ 1980ರ ಪೋಪರ ಸಲಹೆಯನ್ನು ಚಿಲಿ ಒಪ್ಪಿತು, ಅರ್ಜೆಂಟೀನಾದ ಜನರಲ್‌ಗಳು ಒಪ್ಪಲಿಲ್ಲ. ಪ್ರಜಾಪ್ರಭುತ್ವ ಮರಳಿದ ಮೇಲೆ, 1984ರ ನವೆಂಬರ್‌ನಲ್ಲಿ ಅಲ್ಲಿನ ಜನ ಸಂಧಾನದಿಂದ ಮೂಡಿದ ಒಪ್ಪಂದಕ್ಕೆ ಭಾರೀ ಬಹುಮತದಿಂದ ಹೌದೆಂದರು. ಅದೇ ತಿಂಗಳು 29ರಂದು ವ್ಯಾಟಿಕನ್‌ನಲ್ಲಿ ಅದಕ್ಕೆ ಸಹಿ ಬಿತ್ತು. ದ್ವೀಪಗಳು ಚಿಲಿಗೇ ಉಳಿದವು.

ಈ ಕಥೆಯಲ್ಲಿ ನನ್ನನ್ನು ಕಾಡುವುದು ಬೇರೆ. ಅದೇ ವರ್ಷಗಳಲ್ಲಿ ಅರ್ಜೆಂಟೀನಾದ ಅದೇ ಸೇನಾಡಳಿತ ತನ್ನದೇ ಸಾವಿರಾರು ಪ್ರಜೆಗಳನ್ನು ಹಿಡಿದೊಯ್ದು ಇಲ್ಲವಾಗಿಸಿತು. ನೆರೆದೇಶದೊಡನೆ ಯುದ್ಧ ಬೇಡವೆಂದು ಸೇನೆಯನ್ನು ತಡೆಯಬಲ್ಲಷ್ಟು ಮಾನ್ಯತೆಯಿದ್ದ ಚರ್ಚಿನ ಹೆಚ್ಚಿನ ಬಿಷಪ್ಪರು, ಮಕ್ಕಳನ್ನು ಹುಡುಕುತ್ತ ಬಂದ ತಾಯಂದಿರ ಪರವಾಗಿ ಬಹಿರಂಗವಾಗಿ ದನಿಯೆತ್ತಲಿಲ್ಲ. ಆ ಅವಧಿಯ ತಪ್ಪುಗಳಿಗಾಗಿ ಅರ್ಜೆಂಟೀನಾದ ಬಿಷಪ್ಪರು 2000ದಲ್ಲಿ ಕ್ಷಮೆ ಕೇಳಿದರು.